ಭಾನುವಾರದ ರೆಫರಿ

ಎರಿಕ್ ಲಿಡೆಲ್ ಎಂದರೆ ಜನ ನೆನಪಿಸಿಕೊಳ್ಳುವುದು ಅವರು ಓಡದೇ ಬಿಟ್ಟ ಒಂದು ಓಟವನ್ನು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿದ್ದಿತ್ತು. ಭಾನುವಾರ ದೇವರ ದಿನ, ಆ ದಿನ ಸ್ಪರ್ಧೆಗೆ ಇಳಿಯುವುದಿಲ್ಲ ಎಂದು ಲಿಡೆಲ್ ಹಿಂದೆ ಸರಿದರು. ಆಗ ಅವರಿಗೆ 22 ವರ್ಷ. ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಸ್ಕಾಟ್ಲೆಂಡ್ ತಂಡದ ಪರವಾಗಿ ರಗ್ಬಿ ಆಡಿದವರು, 100 ಮೀಟರ್‌ನಲ್ಲಿ ಪದಕ ತರಬಹುದೆಂದು ದೇಶವೇ ಕಾದಿದ್ದ ಓಟಗಾರ. ಅದರ ಬದಲಿಗೆ ಅವರು 200 ಮತ್ತು 400 ಮೀಟರ್ ಓಡಿದರು. ಮೊದಲನೆಯದರಲ್ಲಿ ಕಂಚು ಬಂತು. ಎರಡನೆಯದರಲ್ಲಿ 47.6 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಬಂತು. 1981ರ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾ ಈ ಕಥೆಯನ್ನು ಜಗತ್ತಿಗೆಲ್ಲ ಹೇಳಿತು. ಸಿನಿಮಾದಲ್ಲಿ ಹೀಟ್ಸ್ ಭಾನುವಾರವೆಂದು ಅವರಿಗೆ ತಿಳಿಯುವುದು ಹಡಗು ಹತ್ತುವ ಹೊತ್ತಿಗೆ. ನಿಜದಲ್ಲಿ ಅದು ತಿಂಗಳುಗಳ ಮೊದಲೇ ಗೊತ್ತಿತ್ತು. ನಿರ್ಧಾರವೂ ಅಷ್ಟೇ ಮೊದಲು ಆಗಿತ್ತು.

ಭಾನುವಾರದ ಶಾಲೆಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಕ್ರೈಸ್ತ ಕ್ರೀಡಾ ಕೂಟಗಳಲ್ಲಿ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ನೀತಿ ಸ್ಪಷ್ಟವಾಗಿದೆ: ಪದಕಕ್ಕಿಂತ ನಂಬಿಕೆ ದೊಡ್ಡದು. ಆದರೆ ಲಿಡೆಲ್ ಬದುಕಿನಲ್ಲಿ ಇನ್ನೊಂದು ಭಾನುವಾರವಿದೆ. ಅದಕ್ಕೆ ಪ್ರೇಕ್ಷಕರಿರಲಿಲ್ಲ, ಪದಕವೂ ಇರಲಿಲ್ಲ. ಆಟದ ಮೂಲಕ ಮಕ್ಕಳನ್ನು ಬೆಳೆಸಲು ಹೊರಟವರು ಮೊದಲನೆಯದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಆ ಎರಡನೆಯ ಭಾನುವಾರದ ಬಗ್ಗೆ.

ಆಟಕ್ಕೂ ಕ್ರೈಸ್ತ ನಂಬಿಕೆಗೂ ನಂಟು ಬೆಸೆಯುವ ಯೋಚನೆ ಲಿಡೆಲ್ ಅವರಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಅದು ಬೇರೂರಿತು. ಗಟ್ಟಿ ಮೈ, ಗಟ್ಟಿ ಮನಸ್ಸು, ನಿಯಮಕ್ಕೆ ತಲೆಬಾಗುವುದು, ಸೋಲನ್ನು ನುಂಗಿಕೊಳ್ಳುವುದು, ಇವೆಲ್ಲ ಮೈದಾನದಲ್ಲಿ ಬರುತ್ತವೆ ಎಂದು ಆ ಕಾಲದವರು ನಂಬಿದರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಎರಡು ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ, 13 ನಿಯಮ ಬರೆದು ಬ್ಯಾಸ್ಕೆಟ್‌ಬಾಲ್ ಶುರುಮಾಡಿದರು. ಅವರು ದೇವತಾಶಾಸ್ತ್ರ ಓದಿದ್ದವರು. ವೇದಿಕೆ ಹತ್ತಿ ಪ್ರಸಂಗ ಮಾಡುವುದಕ್ಕಿಂತ ಜಿಮ್‌ನಲ್ಲಿ ಹುಡುಗರ ನಡುವೆ ಇರುವುದೇ ಮೇಲು ಎಂದು ಆರಿಸಿಕೊಂಡವರು. ಅದೇ ಸಂಸ್ಥೆಯ ಮೂಲಕ ಬಾಸ್ಕೆಟ್‌ಬಾಲ್, ವಾಲಿಬಾಲ್ ಭಾರತಕ್ಕೂ ಬಂದವು. ಚೆನ್ನೈನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಇವತ್ತಿಗೂ ನಂದನಂನಲ್ಲಿದೆ. ಅಲ್ಲಿ ಕಲಿತ ಪಿ.ಟಿ. ಮಾಸ್ತರರು ದಕ್ಷಿಣ ಭಾರತದ ಎಷ್ಟೋ ಶಾಲೆಗಳ ಮೈದಾನದಲ್ಲಿ ಸೀಟಿ ಊದಿದ್ದಾರೆ.

ಈ ಪರಂಪರೆಯ ಬಗ್ಗೆ ಎರಡು ಅನುಮಾನಗಳು ಮೊದಲಿನಿಂದಲೂ ಇವೆ. ಆಟವೆಂಬುದು ಗಾಳಕ್ಕೆ ಸಿಕ್ಕಿಸಿದ ಎರೆಹುಳುವೇ ಎಂಬುದು ಒಂದು. ಮಿಷನ್ ಶಾಲೆಗೆ ಮಗನನ್ನು ಕಳಿಸಿದ ಅಪ್ಪ, ಮೇಷ್ಟ್ರು ಫುಟ್‌ಬಾಲ್ ಹೇಳಿಕೊಡುತ್ತಿದ್ದಾರೋ ಮತ ಹೇಳಿಕೊಡುತ್ತಿದ್ದಾರೋ ಎಂದು ಒಮ್ಮೆಯಾದರೂ ಯೋಚಿಸಿರುತ್ತಾನೆ. ಎರಡನೆಯದು ಒಳಗಿನಿಂದಲೇ ಏಳುವ ಅನುಮಾನ: ಆಟ ನಿಜಕ್ಕೂ ಶೀಲ ಕಲಿಸುತ್ತದೆಯೇ? ಮೈದಾನದಲ್ಲಿ ಮೋಸ, ಜಗಳ, ಅಹಂಕಾರ ಕಲಿತವರೂ ಬೇಕಾದಷ್ಟು ಮಂದಿ ಇದ್ದಾರೆ. ಚೆಂಡಿಗೆ ತನ್ನಷ್ಟಕ್ಕೆ ಯಾವ ಗುಣವೂ ಇಲ್ಲ.

ಲಿಡೆಲ್ ಒಲಿಂಪಿಕ್ಸ್ ಮುಗಿಸಿ ಮರುವರ್ಷ ಚೀನಾಕ್ಕೆ ಹೋದರು. ಅವರು ಹುಟ್ಟಿದ್ದೇ ಅಲ್ಲಿ, ತಿಯಾನ್‌ಜಿನ್‌ನಲ್ಲಿ, ಮಿಷನರಿ ದಂಪತಿಯ ಮಗನಾಗಿ. ಅದೇ ಊರಿನ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸಿದರು, ಹುಡುಗರಿಗೆ ಆಟ ಆಡಿಸಿದರು. ಯುದ್ಧ ಹತ್ತಿರವಾದಾಗ 1941ರಲ್ಲಿ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾವು ಉಳಿದರು. ಮೂರನೆಯ ಮಗಳನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿ ಸೇನೆ ಅವರನ್ನೂ ಇತರ ವಿದೇಶಿಯರನ್ನೂ ಶಾನ್‌ಡಾಂಗ್ ಪ್ರಾಂತ್ಯದ ವೇಯ್‌ಶಿಯನ್ ಶಿಬಿರದಲ್ಲಿ ಕೂಡಿಹಾಕಿತು. ಅದು ಹಿಂದೆ ಮಿಷನರಿಗಳದೇ ಆವರಣವಾಗಿತ್ತು. ಅದರ ಗೋಡೆಗಳ ಒಳಗೆ ಸುಮಾರು 1,500 ಜನ ಇದ್ದರು. ವ್ಯಾಪಾರಿಗಳು, ಪಾದ್ರಿಗಳು, ಸಂಗೀತಗಾರರು, ಸಂಸಾರಗಳು. ಜೊತೆಗೆ ಚೀಫೂ ಎಂಬ ಊರಿನ ವಸತಿ ಶಾಲೆಯಿಂದ ಬಂದ ಮಕ್ಕಳು. ಇವರಲ್ಲಿ ಅನೇಕರ ತಂದೆತಾಯಿ ದೂರದ ಊರುಗಳಲ್ಲಿದ್ದರು. ಕೆಲವು ಮಕ್ಕಳು ಅವರನ್ನು ನೋಡಿ ವರ್ಷಗಳೇ ಕಳೆದಿದ್ದವು.

ಹಸಿವು, ಚಳಿ, ಬೇಸರ. ಇವುಗಳಲ್ಲಿ ಹದಿಹರೆಯದವರನ್ನು ಹೆಚ್ಚು ಕೆಡಿಸುವುದು ಬೇಸರ. ಲಿಡೆಲ್ ಅಲ್ಲಿ ಪಾಠ ಹೇಳಿದರು. ಪ್ರಯೋಗಾಲಯವಿಲ್ಲದ ಮಕ್ಕಳಿಗಾಗಿ ಕೈಯಿಂದಲೇ ಚಿತ್ರ ಬರೆದು ರಸಾಯನಶಾಸ್ತ್ರದ ಪುಸ್ತಕ ಮಾಡಿಕೊಟ್ಟರು. ಆಟಗಳ ಉಸ್ತುವಾರಿ ಹೊತ್ತರು. ಮುರಿದ ಹಾಕಿ ಸ್ಟಿಕ್ಕುಗಳಿಗೆ ತಮ್ಮ ಬೆಡ್‌ಶೀಟ್ ಹರಿದು ಪಟ್ಟಿ ಸುತ್ತಿದರು. ಮಕ್ಕಳಿಗೆ ಅವರು ‘ಎರಿಕ್ ಅಂಕಲ್’. ಅದೇ ಶಿಬಿರದಲ್ಲಿದ್ದ ಲ್ಯಾಂಗ್ಡನ್ ಗಿಲ್ಕಿ ಮುಂದೆ ದೊಡ್ಡ ದೇವತಾಶಾಸ್ತ್ರಜ್ಞರಾದರು. 1966ರಲ್ಲಿ ಪ್ರಕಟವಾದ ಅವರ ಪುಸ್ತಕ ಶಿಬಿರದ ಸಜ್ಜನರ ಸ್ವಾರ್ಥವನ್ನು ನಿರ್ದಾಕ್ಷಿಣ್ಯವಾಗಿ ಬಿಚ್ಚಿಡುತ್ತದೆ. ಮಿಷನರಿಗಳನ್ನೂ ಅದು ಬಿಡುವುದಿಲ್ಲ. ಅಂಥ ಪುಸ್ತಕದಲ್ಲಿ ಸಂಜೆ ಹೊತ್ತು ಚದುರಂಗದ ಮಣೆಯ ಮುಂದೆಯೋ ಆಟದ ದೋಣಿಯ ಮುಂದೆಯೋ ಬಗ್ಗಿ, ಹುಡುಗ ಹುಡುಗಿಯರ ನಡುವೆ ಮುಳುಗಿಹೋಗಿದ್ದ ಲಿಡೆಲ್ ಅವರ ಚಿತ್ರ ಮಾತ್ರ ಪ್ರೀತಿಯಿಂದ ಬರುತ್ತದೆ.

ಭಾನುವಾರ ಶಿಬಿರದಲ್ಲಿ ಅವರು ಆಟ ಆಡಿಸುತ್ತಿರಲಿಲ್ಲ. ಪ್ಯಾರಿಸ್‌ನ ನಿಯಮ ಇಲ್ಲಿಗೂ ಬಂದಿತ್ತು. ಆದರೆ ಮಾಡಲು ಬೇರೇನೂ ಇಲ್ಲದ ಮಕ್ಕಳು ಒಂದು ಭಾನುವಾರ ತಾವೇ ಹಾಕಿ ಆಟಕ್ಕೆ ಇಳಿದರು. ರೆಫರಿ ಇರಲಿಲ್ಲ. ಆಟ ಹೊಡೆದಾಟದಲ್ಲಿ ಮುಗಿಯಿತು.

ಮುಂದಿನ ಭಾನುವಾರ ಮೈದಾನಕ್ಕೆ ರೆಫರಿ ಬಂದರು. ಬಂದವರು ಲಿಡೆಲ್.

ತನಗೆ ಬರಬಹುದಾದ ಚಿನ್ನಕ್ಕಾಗಿ ಸಡಿಲಿಸದ ನಿಯಮವನ್ನು ಬೇರೆಯವರ ಮಕ್ಕಳ ಜಗಳ ಬಿಡಿಸಲು ಸಡಿಲಿಸಿದರು. ಇದನ್ನು ತತ್ವದಿಂದ ಜಾರಿದ್ದು ಎನ್ನಬಹುದೇ? ಕಟ್ಟುನಿಟ್ಟಿನವರು ಹಾಗೆಂದಾರು. ಆದರೆ ಲಿಡೆಲ್ ದಿನವೂ ಓದುತ್ತಿದ್ದ ಸುವಾರ್ತೆಯಲ್ಲೇ ಸಬ್ಬತ್ ದಿನ ರೋಗಿಯನ್ನು ಗುಣಪಡಿಸಿ ಆಚಾರವಂತರ ಕೋಪಕ್ಕೆ ಗುರಿಯಾದ ಯೇಸು ಇದ್ದಾರೆ. ಪ್ಯಾರಿಸ್‌ನಲ್ಲಿ ನಿಯಮ ಪಾಲಿಸಿದ್ದರಿಂದ ನಷ್ಟವಾದರೆ ಅದು ಲಿಡೆಲ್ ಒಬ್ಬರದೇ. ವೇಯ್‌ಶಿಯನ್‌ನಲ್ಲಿ ನಷ್ಟ ಮಕ್ಕಳದು. ತನ್ನ ವ್ರತದ ಬೆಲೆಯನ್ನು ತಾನು ತೆರುವುದು ಶ್ರದ್ಧೆ. ಅದನ್ನು ಮಕ್ಕಳ ಕೈಯಲ್ಲಿ ತೆರಿಸುವುದು ಬೇರೆಯೇ ಮಾತು. ಆ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಮೇಲಿನ ಎರಡು ಅನುಮಾನಗಳಿಗೂ ಉತ್ತರ ಇಲ್ಲೇ ಸಿಗುತ್ತದೆ. ಶೀಲ ಕಲಿಸುವುದು ಆಟವಲ್ಲ ಎಂಬುದನ್ನು ರೆಫರಿ ಇಲ್ಲದ ಆ ಭಾನುವಾರವೇ ತೋರಿಸಿತು. ಅದೇ ಮಕ್ಕಳು, ಅದೇ ಮೈದಾನ, ಅದೇ ಸ್ಟಿಕ್ಕು. ಕೊರತೆ ಇದ್ದದ್ದು ಎಲ್ಲರೂ ನ್ಯಾಯವಂತನೆಂದು ಒಪ್ಪುವ ಒಬ್ಬ ದೊಡ್ಡವನದು. ಇನ್ನು ಗಾಳದ ಮಾತು. ಮಕ್ಕಳನ್ನು ಪ್ರಾರ್ಥನೆಗೆ ಎಳೆಯಲು ಆಟವನ್ನು ಬಳಸುವವನು ಪ್ರಾರ್ಥನೆಯ ದಿನವೇ ಬಂದು ಆಟ ಆಡಿಸುವುದಿಲ್ಲ. ಅಂದು ಬಿಟ್ಟುಕೊಟ್ಟವರು ಮಕ್ಕಳಲ್ಲ, ಗುರು.

ಅವರು ನಂಬಿಕೆಯನ್ನು ಬಚ್ಚಿಟ್ಟವರೂ ಅಲ್ಲ. ಕೇಳಬಂದ ಹುಡುಗರ ಜೊತೆ ಪರ್ವತ ಪ್ರಸಂಗ ಓದುತ್ತಿದ್ದರು. ವೈರಿಗಳನ್ನು ಪ್ರೀತಿಸಬೇಕೆಂಬ ಮಾತು ಬಂದಾಗ, ಕಾವಲಿನ ಜಪಾನಿ ಸೈನಿಕರಿಗಾಗಿಯೂ ಪ್ರಾರ್ಥಿಸಿ ಎಂದರು. ಮುಳ್ಳುತಂತಿಯ ಒಳಗಿರುವವರಿಗೆ ಇದು ಸುಲಭದ ಮಾತಲ್ಲ. ಕೇಳಿದವರಲ್ಲಿ ಸ್ಟೀಫನ್ ಮೆಟ್‌ಕಾಫ್ ಎಂಬ 17ರ ಹುಡುಗನೂ ಇದ್ದ. ಆ ಚಳಿಗಾಲದಲ್ಲಿ ಅವನ ಬೂಟು ಸವೆದುಹೋಗಿತ್ತು. ಲಿಡೆಲ್ ತಮ್ಮ ಹಳೆಯ ಓಟದ ಬೂಟುಗಳನ್ನು ಹೊಲಿದು ತೇಪೆ ಹಾಕಿ ಅವನಿಗೆ ಕೊಟ್ಟರು.

ಕೆಲವೇ ವಾರಗಳಲ್ಲಿ, 1945ರ ಫೆಬ್ರುವರಿ 21ರಂದು, ಮಿದುಳಿನ ಗೆಡ್ಡೆಯಿಂದ ಲಿಡೆಲ್ ತೀರಿಕೊಂಡರು. ವಯಸ್ಸು 43. ಶಿಬಿರಕ್ಕೆ ಬಿಡುಗಡೆ ಬಂದದ್ದು ಆಗಸ್ಟ್ 17ರಂದು. ಮೆಟ್‌ಕಾಫ್ ಮುಂದೆ ಮಿಷನರಿಯಾದರು. ಅವರು ಆರಿಸಿಕೊಂಡ ದೇಶ ಜಪಾನ್. ದಶಕಗಳ ಕಾಲ ಅಲ್ಲೇ ಬಾಳಿದರು. ಲಿಡೆಲ್ ತನಗೆ ಕೊಟ್ಟದ್ದು ಎರಡು, ಒಂದು ಬೂಟು, ಇನ್ನೊಂದು ಕ್ಷಮೆಯ ಬೇಟನ್ ಎಂದು ಅವರು ಹೇಳುತ್ತಿದ್ದರು.