ದುರ್ಗಂಧದ ಉಪಕಾರ

ದುರ್ಗಂಧವನ್ನು ಹಣ ಕೊಟ್ಟು ಮನೆಯೊಳಕ್ಕೆ ತರಿಸಿಕೊಳ್ಳುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಬೆಂಗಳೂರಿನ ನಮ್ಮ ಅಡುಗೆಮನೆಗೆ ಹಳದಿ ಬಣ್ಣದ ಕೊಳವೆಯಲ್ಲಿ ಬರತೊಡಗಿರುವ ನೈಸರ್ಗಿಕ ಅನಿಲವು ಭೂಗರ್ಭವನ್ನು ಬಿಟ್ಟು ಶುದ್ಧಿಗೊಂಡ ಮೇಲೆ ವರ್ಣವೂ ಗಂಧವೂ ಇಲ್ಲದ ವಸ್ತುವೆಂದೂ, ಕೊಳೆತ ಕೋಸನ್ನು ನೆನಪಿಗೆ ತರುವ ಆ ನಾತವನ್ನು ದಾರಿಯಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಾರೆಂದೂ ಕೊಳವೆ ಜೋಡಿಸಲು ಬಂದ ಹುಡುಗನು ಹೇಳಿದಾಗ, ಅಷ್ಟು ಶುದ್ಧವಾದುದನ್ನು ಕೆಡಿಸಿ ಕೊಡುವುದೇತಕ್ಕೆಂದು ನನ್ನಾಕೆ ಕೇಳಿದಳು. "ಗೊತ್ತಾಗ್ಲಿ ಅಂತ, ಅಮ್ಮಾ" ಎಂದು ಅವನು ಗೋಡೆಯನ್ನು ಕೊರೆಯತೊಡಗಿದನು.

ನಮ್ಮ ತಾಯಿಯ ಕಾಲದ ಸೌದೆಯ ಒಲೆಗೆ ಇಂಥ ಉಪಾಯದ ಅಗತ್ಯವಿರಲಿಲ್ಲ. ಅದು ಹೊತ್ತುವುದಕ್ಕೆ ಮುಂಚೆಯೇ ಹೊಗೆಯಿಂದ ಮನೆಮಂದಿಯ ಕಣ್ಣನ್ನೆಲ್ಲ ಒದ್ದೆಮಾಡಿ ತನ್ನ ಇರವನ್ನು ಸಾರುತ್ತಿತ್ತು. ಆಮೇಲೆ ಬಂದ ಸೀಮೆಎಣ್ಣೆಯ ಪಂಪ್ ಸ್ಟೌವು ಕೋಪ ಬಂದಾಗ ಭೋರ್ಗರೆಯುತ್ತಿತ್ತು. ಅನಿಲದ ಪರಿಚಯವು ನಮ್ಮ ಊರಿಗೆ ತಡವಾಗಿ ಆಯಿತು. ಕಲ್ಕತ್ತೆಯ ಬೀದಿಗಳಲ್ಲಿ 1857ರಲ್ಲಿ, ಮುಂಬಯಿಯಲ್ಲಿ 1865ರಲ್ಲಿ ಅನಿಲದೀಪಗಳು ಉರಿದವು. ಬೆಂಗಳೂರಾದರೋ ಎಣ್ಣೆಯ ದೀಪವನ್ನು ಆರಿಸಿ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ನೆಗೆಯಿತು. ಆ ಹಳೆಯ ಅನಿಲವನ್ನು ಕಲ್ಲಿದ್ದಲಿನಿಂದ ತೆಗೆಯುತ್ತಿದ್ದುದರಿಂದ ಅದು ಹುಟ್ಟಿನಿಂದಲೇ ನಾರುತ್ತಿತ್ತು, ಸೋರಿದರೆ ಅಡಗಿ ಕೂರುವ ಜಾಣ್ಮೆ ಅದಕ್ಕಿರಲಿಲ್ಲ. ಮಹಾರಾಷ್ಟ್ರದ ದಾಭೋಳದಿಂದ ಹೊರಟ ಕೊಳವೆಯು 2013ರಲ್ಲಿ ನಮ್ಮನ್ನು ಮುಟ್ಟಿತಷ್ಟೆ; ಅದರಲ್ಲಿ ಬರುವುದು ಸ್ವಭಾವತಃ ಸದ್ದಿಲ್ಲದ, ನಾರದ ಅನಿಲ.

ಹಾಗಿದ್ದುದಕ್ಕೆ ಒಂದು ಊರು ತೆತ್ತ ಬೆಲೆ ಘೋರವಾದುದು. ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬಲ್ಲಿ, ತೈಲದ ಹಣದಿಂದ ಕಟ್ಟಿದ ಭವ್ಯವಾದ ಶಾಲೆಯ ನೆಲದಡಿಯಲ್ಲಿ ಸೋರಿ ಸೋರಿ ತುಂಬಿಕೊಂಡಿದ್ದ ಅನಿಲವನ್ನು ಯಾರೂ ಅರಿಯದೆ ಇದ್ದಾಗ, 1937ರ ಮಾರ್ಚ್ 18ರ ಮಧ್ಯಾಹ್ನ, ಕೈಗೆಲಸದ ಕೋಣೆಯ ವಿದ್ಯುದ್ಯಂತವೊಂದರ ಕಿಡಿಗೆ ಕಟ್ಟಡವೇ ಮೇಲೆದ್ದು ಕುಸಿಯಿತು. ಸುಮಾರು 300 ಜನ, ಬಹುಪಾಲು ಮಕ್ಕಳು, ಮಡಿದರು. ಅನಿಲಕ್ಕೆ ವಾಸನೆ ಬೆರೆಸತಕ್ಕದ್ದೆಂದು ಆ ಪ್ರಾಂತದ ಶಾಸನಸಭೆಯು ಕೆಲವೇ ವಾರಗಳಲ್ಲಿ ವಿಧಿಸಿತು. ಗಾಳಿಯಲ್ಲಿ ನೂರಕ್ಕೆ 5 ಪಾಲು ಸೇರಿದರೆ ಹೊತ್ತಿಕೊಳ್ಳಬಲ್ಲ ಅನಿಲವು ನೂರಕ್ಕೆ 1 ಪಾಲಿರುವಾಗಲೇ ಮೂಗಿಗೆ ತಿಳಿಯಬೇಕೆಂಬುದು ಈಗಿನ ಲೆಕ್ಕ. ಇದಕ್ಕೆ ಬಳಸುವ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವು ಕೊಳೆತ ಹೆಣದಿಂದಲೂ ಹೊಮ್ಮುವುದಾದಕಾರಣ, ಕ್ಯಾಲಿಫೋರ್ನಿಯಾದ ತೈಲ ಸಂಸ್ಥೆಯೊಂದರ ಕೆಲಸಗಾರರು ಆಕಾಶದಲ್ಲಿ ರಣಹದ್ದುಗಳು ಸುತ್ತುತ್ತಿದ್ದ ಜಾಗವನ್ನು ನೋಡಿಯೇ ಕೊಳವೆಯ ಬಿರುಕನ್ನು ಗುರುತಿಸುತ್ತಿದ್ದರಂತೆ.

ನಮ್ಮ ಮನೆಯಲ್ಲಿ ಆ ಉದ್ಯೋಗವನ್ನು ಮಾಡಿದವರು ನನ್ನ ಸೋದರತ್ತೆ. ಮಡಿಯ ವಿಷಯದಲ್ಲಿ ಕಠೋರರಾದ ಅವರಿದ್ದಷ್ಟು ಕಾಲ ಈರುಳ್ಳಿ ಬೆಳ್ಳುಳ್ಳಿಗಳಿಗೆ ಹೊಸಿಲೊಳಗೆ ಪ್ರವೇಶವಿರಲಿಲ್ಲ. ಸಿಲಿಂಡರು ಹೊಸದಾಗಿ ಬಂದ ಕಾಲದಲ್ಲಿ, ಅಡುಗೆಮನೆಯ ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅವರು ತಟ್ಟನೆ ಕೈ ನಿಲ್ಲಿಸಿ, "ಯಾರೋ ಬೆಳ್ಳುಳ್ಳಿ ಬಿಡಿಸಿದೀರಿ, ಸುಳ್ಳು ಹೇಳಬೇಡಿ" ಎಂದು ಗದರಿದರು. ಬೆಳ್ಳುಳ್ಳಿಯೂ ಮರ್‌ಕ್ಯಾಪ್ಟನ್ನೂ ಗಂಧಕದ ಗೋತ್ರದವೇ ಎಂಬುದನ್ನು ಯಾವ ರಸಾಯನಶಾಸ್ತ್ರವನ್ನೂ ಓದದೆ ಕಂಡುಕೊಂಡ ಮೂಗು ಅದು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾಗಿ ನೆಲದಲ್ಲಿ ಹರಡುವುದರಿಂದ ಕುಳಿತಿದ್ದವರಿಗೇ ಮೊದಲು ತಿಳಿಯಿತು. ನಿಂತಿದ್ದ ನಮಗಾರಿಗೂ ತಿಳಿದಿರಲಿಲ್ಲ. ಒಡನೆಯೇ ಫ್ಯಾನಿನ ಗುಂಡಿಯತ್ತ ಕೈಚಾಚಿದ ನನ್ನಣ್ಣನನ್ನು ಪಕ್ಕದ ಮನೆಯವರು ತಡೆದರು. ಗುಂಡಿಯನ್ನು ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಆದುದರಿಂದ ಅದನ್ನು ಇದ್ದಂತೆಯೇ ಬಿಟ್ಟು, ಅನಿಲದ ಬಾಯಿಯನ್ನು ಮುಚ್ಚಿ, ಕದ ಕಿಟಕಿಗಳನ್ನು ತೆರೆದು, ಎಲ್ಲರೂ ಅಂಗಳಕ್ಕೆ ಬಂದು ನಿಂತೆವು. ದೂರವಾಣಿಯ ಕರೆಯನ್ನೂ ಹೊರಗಿನಿಂದಲೇ ಮಾಡಿದ್ದಾಯಿತು. ಬಿರುಕು ಬಿಟ್ಟಿದ್ದುದು ರಬ್ಬರು ಕೊಳವೆ; ಐದು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾದ ಆ ವಸ್ತುವನ್ನು ನಾವು ಸಿಲಿಂಡರಿನಷ್ಟೇ ಚಿರಾಯುವೆಂದು ನಂಬಿದ್ದೆವು.

ಮೂಗಿಗೂ ಮಿತಿಯುಂಟು. ನೆಗಡಿಯಿಂದಲೂ ಮುಪ್ಪಿನಿಂದಲೂ ಅದು ಮಂಕಾಗುತ್ತದೆ. ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಇದೆಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡುವುದು ಬೇರೊಂದು ಸಂಗತಿ. ಅನಿಲವು ಉರಿಯುವಾಗ ಅದರೊಡನೆ ಆ ದುರ್ಗಂಧವೂ ಉರಿದುಹೋಗುತ್ತದೆ. ಗಾಳಿ ಸಾಲದೆ ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ಯಾವ ವಾಸನೆಯೂ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಬಲದಿಂದ ಅದು ರಕ್ತವನ್ನು ಹಿಡಿದುಕೊಳ್ಳುತ್ತದೆ. ಬಾಗಿಲು ಕಿಟಕಿ ಭದ್ರಪಡಿಸಿದ ಇಕ್ಕಟ್ಟಾದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರನ್ನು ಹೊತ್ತಿಸಿ, ತಲೆ ಸುತ್ತಿ ಬಿದ್ದು, ಮರಳಿ ಏಳದೆ ಹೋದವರ ಸುದ್ದಿಯು ನಮ್ಮ ಪತ್ರಿಕೆಗಳಲ್ಲಿ ಚಳಿಗಾಲಕ್ಕೆ ತಪ್ಪದೆ ಬರುತ್ತದೆ. ಅಲ್ಲಿ ಸೋದರತ್ತೆಯ ಮೂಗೂ ನಿಷ್ಪ್ರಯೋಜಕ. ಆಗ ಕಣ್ಣೇ ಕಾವಲುಗಾರ: ನೀಲಿಯಾಗಿರಬೇಕಾದ ಜ್ವಾಲೆಯು ಹಳದಿಗೆ ತಿರುಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯತೊಡಗಿತೆಂದರೆ, ಗಾಳಿ ಸಾಲದಾಗಿದೆ ಅಥವಾ ಬರ್ನರು ಕಟ್ಟಿಕೊಂಡಿದೆ. ನಮ್ಮ ಗೀಸರು ಈಗ ಹಿತ್ತಲ ಗೋಡೆಯ ಹೊರಗೆ ನೇತಾಡುತ್ತಿದೆ. ಒಳಕ್ಕೆ ಬಿಸಿನೀರು ಮಾತ್ರ ಬರುತ್ತದೆ.

ಆ ಹುಡುಗನು ಒಲೆಯ ಜೆಟ್ಟುಗಳನ್ನೂ ಬದಲಿಸಿದನು. ಸಿಲಿಂಡರಿನ ಅನಿಲಕ್ಕಿಂತ ಇದರ ಶಾಖ ಕಡಿಮೆಯಾದುದರಿಂದ ರಂಧ್ರ ದೊಡ್ಡದಾಗಿರಬೇಕಂತೆ, ಹಳೆಯದರಲ್ಲಿ ಉರಿಸಿದರೆ ಉರಿ ಸೊರಗುತ್ತದಂತೆ. ಹೊರಡುವ ಮುನ್ನ, ಈ ಅನಿಲವು ಗಾಳಿಗಿಂತ ಹಗುರವಾಗಿ ಸೂರಿಗೆ ಏರುವುದೆಂದು ಹೇಳಿ ಕಿಟಕಿಯ ಮೇಲ್ಭಾಗದ ಗಾಜೊಂದನ್ನು ಕಳಚಿಸಿದನು. ಅದರಿಂದ ಪಾರಿವಾಳಗಳು ಒಳಬಂದು ಬೀರುವಿನ ಮೇಲೆ ಸಂಸಾರ ಹೂಡಲು ನೋಡಿದವು. ನನ್ನಾಕೆ ರಟ್ಟು ಅಡ್ಡವಿಟ್ಟಳು, ನಾನು ತೆಗೆದೆ, ಅವಳು ಮತ್ತೆ ಇಟ್ಟಳು; ಕಡೆಗೆ ತಂತಿಯ ಜಾಲರಿಯಿಂದ ರಾಜಿಯಾಯಿತು. ಒಗ್ಗರಣೆಯ ಜಿಡ್ಡು ಹಿಡಿದು ಜಾಲರಿಯ ಕಣ್ಣು ಮುಚ್ಚದಂತೆ ಅಮಾವಾಸ್ಯೆಗೊಮ್ಮೆ ಏಣಿ ಹತ್ತಿ ಉಜ್ಜುವುದು ನನ್ನ ಪಾಲಿಗೆ ಬಂದಿದೆ. ಅಡುಗೆಮನೆಯಲ್ಲಿ ನನಗೆ ದಕ್ಕಿರುವ ಅಧಿಕಾರ ಇಷ್ಟೇ.