ಬೇಸಿಗೆಯ ಹಿತ್ತಿಲು

ವಿಜಯಪುರ ಸೀಮೆಯ ಜೈನಾಪುರದಂಥ ಊರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮೀರಿದಾಗ ಎರೆಮಣ್ಣು ಬಾಯ್ಬಿಡುತ್ತದೆ. ಆಗ ಹಿತ್ತಿಲಲ್ಲಿ ಹೀರೆಬಳ್ಳಿಯನ್ನು ಉಳಿಸಿಕೊಳ್ಳಹೊರಟ ಶ್ರಾವಕನಿಗೆ ಧರ್ಮಸಂಕಟವೊಂದು ಎದುರಾಗುತ್ತದೆ. ಮಣ್ಣು, ನೀರು, ಸಸಿ ಮೂರೂ ಏಕೇಂದ್ರಿಯ ಜೀವಗಳ ಕಾಯಗಳೇ. ಅಗೆತ, ನೀರೂಡಿಕೆಗಳು ಆರಂಭೀ ಹಿಂಸೆ. ಗೃಹಸ್ಥನಿಗೆ ಅದು ತಪ್ಪದು, ಮಿತಗೊಳಿಸಬಹುದಷ್ಟೆ.

ಸಸಿಯ ಬದಿಯಲ್ಲಿ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ ಸೋಸಿದ ನೀರು ತುಂಬಿದರೆ, ಅದು ಜಿನುಗಿ ಬೇರಿಗೇ ತಲುಪುತ್ತದೆ; ಕೊಡಗಟ್ಟಲೆ ಸುರಿಯಬೇಕಿಲ್ಲ. ಮುಚ್ಚಳವನ್ನು ಮಾತ್ರ ಮರೆಯಲಾಗದು: ನೀರು ಆವಿಯಾಗದಿರಲೆಂಬುದು ತೋಟಿಗನ ಕಾರಣ, ಇರುವೆ ಬಿದ್ದು ಸಾಯದಿರಲೆಂಬುದು ಶ್ರಾವಕನದು.

ಬುಡಕ್ಕೆ ಜೋಳದ ಕಣಿಕೆ ಹೊದಿಸಿದರೆ ತಂಪು ನಿಲ್ಲುತ್ತದೆ, ಗೆದ್ದಲೂ ಬರುತ್ತದೆ. ಕಠಿಣ ಪ್ರಶ್ನೆ ಇಲ್ಲಿಯೇ. ವಿಷ ಹಾಕುವುದು ಸಂಕಲ್ಪೀ ಹಿಂಸೆ. ಕಣಿಕೆಯನ್ನು ಬುಡದಿಂದ ಗೇಣು ದೂರ ಸರಿಸಿ, ಒಂದೆರಡು ಸಸಿ ಹೋದರೆ ಹೋಗಲೆನ್ನುವುದೇ ಲೇಸು. ಉಳಿದ ಬಳ್ಳಿಗೆ ಮೃಗಶಿರಾ ಮಳೆಯವರೆಗೆ ಆ ಗಡಿಗೆಯ ನೀರು ಸಾಕು.