ಕಪ್ಪು ಕೋಟಿನ ‘ಕಾಡು ಕುದುರೆ’

ಸಿನಿಮಾದಲ್ಲಿ ಹಾಡಬೇಕು ಅಂದ್ರೆ ದನಿ ಬೆಣ್ಣೆಯಂಗೆ ನುಣ್ಣಗಿರಬೇಕು ಅಂತ ಯಾರು ಹೇಳಿದ್ದು ಗುರೂ? ಹಾಗನ್ನುವವರಿಗೆ ನನ್ನ ಉತ್ತರ ಒಂದೇ: ಶಿವಮೊಗ್ಗ ಸುಬ್ಬಣ್ಣ!

1938ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು. ಕಸುಬು ವಕೀಲಿಕೆ, ಪ್ರಾಣ ಭಾವಗೀತೆ. ಆಗ ಗಾಂಧಿನಗರದಲ್ಲಿ ಪಿ.ಬಿ. ಶ್ರೀನಿವಾಸ್, ಎಸ್.ಪಿ.ಬಿ. ಅವರದೇ ದರ್ಬಾರು. ಚಂದ್ರಶೇಖರ ಕಂಬಾರರು ತಮ್ಮ ‘ಕಾಡು ಕುದುರೆ’ ಚಿತ್ರಕ್ಕೆ ಕರೆದದ್ದು ಮಾತ್ರ ಈ ಕಪ್ಪು ಕೋಟಿನವರನ್ನು. ಜನಪದದ ಮಟ್ಟು, ತೆರೆದ ಗಂಟಲು. ಆ ಒಂದು ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ! ಅದಕ್ಕೂ ಮೊದಲು ‘ಹಂಸಗೀತೆ’ ಚಿತ್ರದ ಗಾಯನಕ್ಕೆ ಬಾಲಮುರಳಿಕೃಷ್ಣ ಅವರಿಗೆ ಬಂದಿತ್ತು, ನಿಜ. ಆದರೆ ಈ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಗಾಯಕ ಸುಬ್ಬಣ್ಣನವರೇ.

ನಮ್ಮದು ಸೇವಾಲಾಲ್ ಮಹಾರಾಜರು ಹುಟ್ಟಿದ ಸೂರಗೊಂಡನಕೊಪ್ಪ. ಈಗ ದಾವಣಗೆರೆ ಜಿಲ್ಲೆ. 1997ರವರೆಗೆ ನಮ್ಮ ಹೊನ್ನಾಳಿ ಸೀಮೆಯೂ ಶಿವಮೊಗ್ಗಕ್ಕೇ ಸೇರಿತ್ತು. ಹಾಗಾಗಿ ಸುಬ್ಬಣ್ಣ ನಮ್ಮವರೇ ಅನ್ನೋ ಜಂಬ ನಮಗೆ!

ನನ್ನ ದೊಡ್ಡಪ್ಪನ ಮಗ ಹೋಳಿಯಲ್ಲಿ ಲೇಂಗಿ ಎತ್ತಿದರೆ ಪಕ್ಕದ ತಾಂಡಾಕ್ಕೂ ಕೇಳಿಸುತ್ತಿತ್ತು. ಒಮ್ಮೆ ಆಸೆಯಿಂದ ಒಂದು ಆರ್ಕೆಸ್ಟ್ರಾದವರ ಬಳಿ ಹೋದ. “ಇದು ಹೊಲದ ಗಂಟಲು ಕಣಯ್ಯ, ಮೈಕಿಗೆ ಆಗಲ್ಲ” ಅಂದರು. ಆ ವರ್ಷ ಹೋಳಿಗೆ ಅಣ್ಣ ಬಾಯೇ ಬಿಡಲಿಲ್ಲ.

ಒಂದು ರಾತ್ರಿ ಮೊಬೈಲಿನಲ್ಲಿ ಸುಬ್ಬಣ್ಣನವರ ಆ ಹಾಡು ಕೇಳಿಸಿದೆ. ಮತ್ತೆ ಹಾಕಿಸಿಕೊಂಡು ಕೇಳಿದ.

“ಆಮೇಲೆ ಇವರು ಎಷ್ಟು ಪಿಚ್ಚರಿಗೆ ಹಾಡಿದ್ರು?”

“ಸಿನಿಮಾನೇ ಕಸುಬು ಮಾಡ್ಕೊಳ್ಳಲಿಲ್ಲಣ್ಣ. ಕೋರ್ಟು, ಭಾವಗೀತೆ ಅಂತಲೇ ಇದ್ರು.”

“ಹಂಗಾದ್ರೆ ಸೋತ್ರಾ?”

ಸೋಲೆಲ್ಲಿ ಬಂತು? ಸಿನಿಮಾಕ್ಕಾಗಿ ಅವರು ದನಿ ಬದಲಿಸಲಿಲ್ಲ. ಸಿನಿಮಾನೇ ಆ ದನಿ ಬೇಕು ಅಂತ ಹುಡುಕಿಕೊಂಡು ಬಂತು. ಮುಗಿದ ಮೇಲೆ ಅವರು ತಮ್ಮ ಹಾಡಿಗೇ ವಾಪಸಾದರು. 2022ರ ಆಗಸ್ಟ್ 11ರಂದು ಅವರು ತೀರಿಕೊಂಡ ದಿನ, ನಮ್ಮ ಟೀ ಅಂಗಡಿಯ ಹುಡುಗನೂ ಗುನುಗಿದ್ದು ಅದೇ ಕುದುರೆಯ ಹಾಡು.

ಗೆಳೆಯರೇ, ಅವಕಾಶ ಸಿಗಲಿ, ಬಿಡಲಿ, ಯಾರದೋ ಮಾತಿಗೆ ಗಂಟಲು ಮುಚ್ಚಬೇಡಿ. ನಮ್ಮಣ್ಣ ಈಗ ಹೋಳಿಗೆ ಮತ್ತೆ ಲೇಂಗಿ ಎತ್ತುತ್ತಾನೆ. ಮೈಕ್ ಇಲ್ಲ. ಪಕ್ಕದ ತಾಂಡಾಕ್ಕೆ ಕೇಳಿಸುತ್ತದೆ.